ಡಿಕ್ಕಿಗೆ ಮೋಟಾರ್ ಬೇಕೋ ಬ್ಯಾಡೋ: ಎಸ್‌ಯುವಿ ಬುಕ್ ಮಾಡೋಕಿಂತ ಮೊದ್ಲ ಇಷ್ಟು ಮಾಡಿ ನೋಡ್ರಿ

ನಮ್ಮವ್ವನ ಎತ್ತರ 4 ಅಡಿ 11 ಇಂಚು. ನಮ್ಮ ಹಳೇ ಗಾಡಿ ಡಿಕ್ಕಿ ಬಾಗಲಾ ಪೂರ್ತಿ ಎದ್ದು ನಿಂತ್ರ ಅದರ ತುದಿ ಆಕಿಗೆ ತುದಿಗಾಲ ಮ್ಯಾಲೆ ನಿಂತು ಕೈ ಚಾಚಿದ್ರೂ ಸಿಗ್ತಿದ್ದಿಲ್ಲ. ತಗಿಯೋದು ಆಕೀನ ತಗೀತಿದ್ಲು, ಅದೇನ್ ದೊಡ್ಡ ಮಾತಲ್ಲ, ಬಟನ್ ಒತ್ತಿ ಒಂಚೂರು ಎತ್ತಿದ್ರ ಉಳಿದಿದ್ದು ತಾನ ಏಳ್ತೈತಿ. ಆದ್ರ ಮುಚ್ಚೋದು? ದುರ್ಗದಬೈಲ್‌ನ್ಯಾಗ ಕಾಯಿಪಲ್ಯ ತಗೊಂಡು ಬಂದು ಚೀಲ ಎಲ್ಲಾ ಒಳಗ ಇಟ್ಟು, ಆಮ್ಯಾಲೆ ರೋಡಿನ್ಯಾಗ ಹೋಗೋ ಯಾವನೋ ಹುಡುಗನ್ನ "ಏ ತಮ್ಮಾ, ಇದನ್ನಷ್ಟ ಕೆಳಗ ಜಗ್ಗೋ" ಅಂತ ಕರೀತಿದ್ಲು. ಐದು ವರ್ಷ ಹಿಂಗ ನಡೀತು, ನನಗ ಇದು ಒಂದು ತ್ರಾಸ ಅಂತ ಗೊತ್ತ ಆಗಿದ್ದಿಲ್ಲ, ಯಾಕಂದ್ರ ನಾ 5 ಅಡಿ 10 ಇಂಚು, ನನ್ನ ಕೈಗೆ ಸಿಗ್ತಿತ್ತಲ್ಲ.

ಇದನ್ನ ಯಾಕ ಹೇಳಾಕತ್ತೀನಿ ಅಂದ್ರ ಹೋದ ವಾರ ಹಾವೇರಿಯಿಂದ ನಮ್ಮ ಅಕ್ಕನ ಗಂಡ ಮಾಮಾ ಫೋನ್ ಮಾಡಿದ್ರು. ಏಳು ಸೀಟಿನ ಎಸ್‌ಯುವಿ ತಗೊಳ್ಳಾಕ ಹೊಂಟಾರ, ಎರಡು ವೇರಿಯಂಟ್ ನಡಕ ಸಿಕ್ಕೊಂಡಾರ, ಮ್ಯಾಲಿನದಕ್ಕ ಒಂದೂವರಿ ಲಕ್ಷ ಜಾಸ್ತಿ, ಸೇಲ್ಸ್ ಹುಡುಗ ಮಾತ್ ಮಾತಿಗೂ "ಸರ್ ಇದ್ರಾಗ ಪವರ್ಡ್ ಟೇಲ್‌ಗೇಟ್ ಬರ್ತದ, ಕಾಲು ಬೀಸಿದ್ರ ಸಾಕು ಡಿಕ್ಕಿ ಓಪನ್" ಅಂತ, ಅಂದ್ರ ಮೋಟಾರ್ ಮ್ಯಾಲೆ ತಾನ ತಗದು ತಾನ ಮುಚ್ಚೋ ಡಿಕ್ಕಿ ಬಾಗಲಾ, ಅದೊಂದನ್ನ ಹಿಡದಾನ. "ತಮ್ಮಾ, ನಿನ್ನ ಗಾಡಿಗೆ ಎರಡು ವರ್ಷದಿಂದ ಐತಲ್ಲ, ಖರೇ ಹೇಳು, ಬೇಕೇನು ಅದು?" ಅಂದ್ರು. ನಾ ಬೇಕು ಅಂತನೂ ಹೇಳಲಿಲ್ಲ, ಬ್ಯಾಡ ಅಂತನೂ ಹೇಳಲಿಲ್ಲ, ಇಷ್ಟು ಮಾಡ್ರಿ ಆಮ್ಯಾಲೆ ನೀವ ಹೇಳ್ತೀರಿ ಅಂದೆ. ಅದನ್ನ ಇಲ್ಲಿ ಬರ್ಯಾಕತ್ತೀನಿ.

ಮೊದ್ಲ, ಇದು ಹೆಂಗ ಕೆಲಸ ಮಾಡ್ತೈತಿ ಅನ್ನೋದು ತಿಳ್ಕೊಳ್ರಿ

ಸಾದಾ ಡಿಕ್ಕಿ ಬಾಗಲಕ್ಕ ಎರಡೂ ಬಾಜು ಕರೇ ಕೊಳವಿ ಥರ ಇರ್ತಾವಲ್ರಿ, ಗ್ಯಾಸ್ ಸ್ಟ್ರಟ್ ಅಂತಾರ, ಗ್ಯಾರೇಜಿನ್ಯಾಗ ಡಿಕ್ಕಿ ಶಾಕರ್ ಅಂದ್ರೂ ತಿಳೀತೈತಿ. ಅದರೊಳಗ ಭಾರೀ ಒತ್ತಡದಾಗ ನೈಟ್ರೋಜನ್ ಗ್ಯಾಸ್ ತುಂಬಿರ್ತಾರ, ಅದು ಯಾವಾಗ್ಲೂ ಬಾಗಲಾನ ಮ್ಯಾಲೆ ದೂಡಾಕ ನೋಡ್ತಿರ್ತೈತಿ. ಅದಕ್ಕ ತಗಿಯೋ ಮುಂದ ನಿಮಗ ಅದು ಸಹಾಯ ಮಾಡ್ತೈತಿ, ಮುಚ್ಚೋ ಮುಂದ ನಿಮ್ಮ ವಿರುದ್ಧ ನಿಲ್ತೈತಿ. ನೀವು ಕೈ ಎತ್ತಿ ತುದಿ ಹಿಡದು, ಗ್ಯಾಸಿನ ಜೋರು ಮುರಿಯೋ ತನಕ ಜಗ್ಗಿ, ಆಮ್ಯಾಲೆ ಲಾಕ್ ಬೀಳೋವಂಗ ಒಮ್ಮೆ ಬಡೀಬೇಕು. ಭುಜ ನೋವು ಇದ್ದೋರಿಗೆ, ಗಿಡ್ಡ ಇದ್ದೋರಿಗೆ, ಬಗಲಾಗ ಕೂಸು ಇದ್ದೋರಿಗೆ ತ್ರಾಸ ಆಗೋದು ಇಲ್ಲೇ.

ಪವರ್ ಡಿಕ್ಕಿಯೊಳಗ ಆ ಸ್ಟ್ರಟ್ ಜಾಗಾಕ್ಕ ಮೋಟಾರ್ ಇರೋ ಸ್ಟ್ರಟ್ ಬರ್ತಾವ. ಕೊಳವಿ ಒಳಗನ ಒಂದು ಸಣ್ಣ ಮೋಟಾರ್, ಗೇರು, ಒಂದು ಉದ್ದನೆ ಸ್ಕ್ರೂ, ಸುತ್ತ ಸ್ಪ್ರಿಂಗು. ಮೋಟಾರ್ ತಿರುಗಿದ್ರ ಸ್ಕ್ರೂ ತಿರುಗ್ತೈತಿ, ಸ್ಟ್ರಟ್ ಉದ್ದ ಆಗ್ತೈತಿ, ಬಾಗಲಾ ಏಳ್ತೈತಿ. ಉಲ್ಟಾ ತಿರುಗಿದ್ರ ಇಳೀತೈತಿ. ಕಡೀಕ ಲಾಕ್ ಹತ್ರ ಬಂದಾಗ ಇನ್ನೊಂದು ಮೋಟಾರ್ ಅದನ್ನ ಒಳಗ ಎಳಕೊಂಡು ಬಿಗೀತೈತಿ, ಬಡಿಯೋದು ಏನೂ ಇಲ್ಲ. ಇವನ್ನೆಲ್ಲ ಆಡಿಸಾಕ ಒಂದು ಕಂಟ್ರೋಲ್ ಡಬ್ಬಿ ಇರ್ತೈತಿ, ಮೋಟಾರ್ ಎಷ್ಟು ಸುತ್ತು ತಿರುಗಿತು ಅಂತ ಎಣಿಸ್ಕೋತ ಇರ್ತೈತಿ, ನಡಕ ಏನರ ಅಡ್ಡ ಬಂದು ಸುತ್ತು ನಿಧಾನ ಆದ್ರ ನಿಲ್ಲಿಸಿ ಹೊಳ್ಳಿ ಎತ್ತತೈತಿ. ಕೆಲವು ಗಾಡ್ಯಾಗ ಬಾಗಲದ ಅಂಚಿಗೆ ರಬ್ಬರ್ ಪಟ್ಟಿ ಸೆನ್ಸಾರೂ ಇರ್ತೈತಿ.

ಅಂದ್ರ ಸೇಲ್ಸ್ ಹುಡುಗ ನಿಮಗ ತೋರಿಸೋದು ತಗಿಯೋ ಆಟ. ನೀವು ರೊಕ್ಕ ಕೊಡೋದು ಮುಚ್ಚೋದಕ್ಕ. ಇದೊಂದು ತಲ್ಯಾಗ ಇಟ್ಕೊಂಡು ಮುಂದ ಓದ್ರಿ.

ಒಂದು ವಾರ ಗೀಟು ಹಾಕ್ರಿ

ಅಡಗಿಮನಿ ಕ್ಯಾಲೆಂಡರ್ ಐತಲ್ಲ, ಅದರ ಬಾಜೂಕ ಒಂದು ಚೀಟಿ ಅಂಟಿಸ್ರಿ. ಈಗ ಇರೋ ಗಾಡಿ ಡಿಕ್ಕಿ ಯಾರು ತಗದ್ರು, ಯಾರು ಮುಚ್ಚಿದ್ರು, ಆವಾಗ ಕೈಯಾಗ ಏನಿತ್ತು, ಇಷ್ಟ ಬರೀರಿ. ಒಂದು ವಾರ ಸಾಕು, ಆದ್ರ ಆ ವಾರದಾಗ ಒಂದು ಸಂತಿ ದಿನಾನೂ ಒಂದು ಊರಿಗೆ ಹೋಗೋದೂ ಇರಬೇಕ, ಇಲ್ಲಾಂದ್ರ ಲೆಕ್ಕ ತಪ್ಪತೈತಿ.

ನಾವು ಹಿಂಗ ಬರದಾಗ ನನಗ ಆಶ್ಚರ್ಯ ಆಗಿದ್ದು ಏನಂದ್ರ, ನಾ ಡಿಕ್ಕಿ ತಗದಿದ್ದು ವಾರದಾಗ ಎರಡ ಸಲ, ಅದೂ ಕ್ರಿಕೆಟ್ ಕಿಟ್ ಇಡಾಕ. ನನ್ನ ಹೆಂಡ್ತಿ ಮತ್ತ ಅವ್ವ ಸೇರಿ ಹದಿನಾರು ಸಲ. ಗಿರಣಿಗೆ ಜ್ವಾಳ ಒಯ್ಯೋದು, ಬಿಸಿ ಹಿಟ್ಟಿನ ಡಬ್ಬಿ ತರೋದು, ಮಗಳ ಸೈಕಲ್ಲು, ಸಿದ್ಧಾರೂಢ ಮಠಕ್ಕ ಹೋಗೋ ಮುಂದ ಹೂವಿನ ಬುಟ್ಟಿ, ಗದಗಿಂದ ಬೀಗರು ಕಳಿಸಿದ ಕುಸುಬಿ ಎಣ್ಣಿ ಡಬ್ಬಿ. ಗಾಡಿ ಆರಿಸೋದು ನಾನು, ಡಿಕ್ಕಿ ಜೋಡಿ ಜಗಳ ಆಡೋದು ಅವರು. ಭಾಳ ಮನ್ಯಾಗ ಇದ ಕಥಿ ಅಂತ ನನಗ ಅನಸ್ತೈತಿ, ಗಂಡಸರು ಎಂಜಿನ್ ಸಿಸಿ ಕೇಳ್ಕೋತ ಕುಂತಿರ್ತಾರ.

ವಾರದಾಗ ನಾಲ್ಕೈದು ಸಲಕ್ಕಿಂತ ಕಡಿಮಿ ಇದ್ರ, ಅದೂ ಗಟ್ಟಿ ಭುಜದೋರ ತಗೀತಿದ್ರ, ನೀವು ಇಲ್ಲೇ ನಿಲ್ಲಿಸಬಹುದು, ನಿಮಗ ಇದು ಬ್ಯಾಡ. ಆ ರೊಕ್ಕದಾಗ ಒಳ್ಳೆ ಟೈರ್ ಹಾಕಿಸ್ಕೊಳ್ರಿ. ಮುಚ್ಚೋದರ ಮುಂದ ಗಿಡ್ಡ ಇರೋರ ಹೆಸರು, ವಯಸ್ಸಾದೋರ ಹೆಸರು, ಫ್ರೋಜನ್ ಶೋಲ್ಡರ್ (ಭುಜ ಬಿಗದು ಕೈ ಎತ್ತಾಕ ಬರದ ತ್ರಾಸ) ಇರೋರ ಹೆಸರು ಜಾಸ್ತಿ ಬಂದ್ರ ಮುಂದ ಹೋಗ್ರಿ.

ಅರವತ್ತು ರೂಪಾಯಿ ಪಟ್ಟಿ ಹಚ್ಚಿ ನೋಡ್ರಿ

ಇದನ್ನ ಯಾವ ಶೋರೂಮ್‌ನ್ಯಾಗೂ ಹೇಳಂಗಿಲ್ಲ. ಡಿಕ್ಕಿ ಬಾಗಲದ ಒಳಗ ಕೈ ಹಾಕಿ ಜಗ್ಗಾಕ ಒಂದು ಹಿಡಿಕಿ ಇರ್ತೈತಿ, ಅದಕ್ಕ ಸ್ಕೂಲ್ ಬ್ಯಾಗಿನ ನೈಲಾನ್ ಪಟ್ಟಿ ಒಂದೂವರಿ ಅಡಿದು ಕುಣಿಕಿ ಥರ ಹೊಲಿಸಿ ಕಟ್ರಿ. ಬ್ಯಾಗ್ ರಿಪೇರಿ ಮಾಡೋರು ನನಗ 60 ರೂಪಾಯಿಗೆ ಮಾಡಿ ಕೊಟ್ರು. ಬಾಗಲಾ ಎದ್ದಾಗ ಪಟ್ಟಿ ಕೆಳಗ ಜೋತಾಡ್ತೈತಿ, ಅವ್ವ ಅದನ್ನ ಹಿಡದು ಜಗ್ಗಿದ್ರ ಬಾಗಲಾ ಎದಿಮಟ್ಟಕ್ಕ ಬರ್ತೈತಿ, ಆಮ್ಯಾಲೆ ಪಟ್ಟಿ ಒಳಗ ಒಗದು ಎರಡೂ ಕೈಲೆ ಒತ್ತಿದ್ರ ಮುಗೀತು. ಲಾಕ್ ನಡಕ ಪಟ್ಟಿ ಸಿಗಬಾರ್ದು, ಅಷ್ಟು ನೋಡ್ಕೊಳ್ರಿ.

ಗಿಡ್ಡ ಇರೋದ ಒಂದ ತ್ರಾಸ ಆಗಿದ್ರ ಇಷ್ಟಕ್ಕ ಬಗೀಹರೀತೈತಿ. ಭುಜ ನೋವಿದ್ರ ಬಗೀಹರಿಯಂಗಿಲ್ಲ, ಜಗ್ಗೋದು ಜಗ್ಗೋದನಲ್ರಿ. ನಮ್ಮವ್ವಗ ಒಂದು ವರ್ಷ ಪಟ್ಟಿ ನಡೀತು, ಆಮ್ಯಾಲೆ ಬಲಗೈ ಎತ್ತಾಕ ಬರದಂಗ ಆತು.

ಇನ್ನೊಂದು, ಹಳೇ ಗಾಡ್ಯಾಗ ಡಿಕ್ಕಿ ಎತ್ತೋದ ಭಾರ ಆಗೇತಿ, ಎತ್ತಿದ್ರೂ ಹೊಳ್ಳಿ ಇಳೀತೈತಿ, ಅದ್ರಾಗೂ ಡಿಸೆಂಬರ್ ತಿಂಗಳ ಮುಂಜಾನೆ ತಂಪಿನ್ಯಾಗ ಜಾಸ್ತಿ ಇಳೀತೈತಿ ಅಂದ್ರ ಅದು ಗ್ಯಾಸ್ ಸ್ಟ್ರಟ್ ಮುಗದಿದ್ದು. ತಂಪಿಗೆ ಒಳಗಿನ ಗ್ಯಾಸಿನ ಒತ್ತಡ ಇಳೀತೈತಿ, ಮೊದ್ಲ ಸೋರಿದ್ದು ಇನ್ನೂ ಸೋಲತೈತಿ. ಎರಡೂ ಬಾಜೂದ್ದು ಒಮ್ಮೆಲೆ ಬದಲಿ ಮಾಡಿಸ್ರಿ, ಒಂದ ಹಾಕಿಸಿದ್ರ ಬಾಗಲಾ ಸೊಟ್ಟ ಆಗ್ತೈತಿ. ಇದಕ್ಕೋಸ್ಕರ ಹೊಸ ಗಾಡಿ ತಗೊಂಡೋರನ್ನೂ ನೋಡೀನಿ.

ಟೇಪ್ ತಗೊಂಡು ಗಾಡಿ ನಿಲ್ಲೋ ಜಾಗಾ ಅಳೀರಿ

ಡಿಕ್ಕಿ ಬಾಗಲಾ ಮ್ಯಾಲೆ ಏಳೋ ಮುಂದ ಹಿಂದಕ್ಕೂ ಬರ್ತೈತಿ, ಇದು ಸಾದಾದಕ್ಕೂ ಅಷ್ಟ, ಪವರ್‌ದಕ್ಕೂ ಅಷ್ಟ. ಆದ್ರ ಸಾದಾ ಬಾಗಲಾ ನಿಮ್ಮ ಕೈಯಾಗ ಇರ್ತೈತಿ, ಗ್ವಾಡಿಗೆ ಬಡಿಯೋಕಿಂತ ಮೊದ್ಲ ನೀವು ಹಿಡೀತೀರಿ. ಪವರ್ ಡಿಕ್ಕಿ ತಾನ ಹೋಗಿ ಬಡದು ಆಮ್ಯಾಲೆ ನಿಲ್ತೈತಿ. ನಿಲ್ಲೋದು ಖರೆ, ಆದ್ರ ಬಣ್ಣ ಹೋಗಿರ್ತೈತಿ. ಹಳೇ ಹುಬ್ಬಳ್ಳಿ ಓಣಿಗೋಳು, ದಾಜಿಬಾನ್ ಪೇಟೆ ಕಡೆ ಗಾಡಿ ಹಿಂದ ಎರಡು ಅಡಿ ಸಿಕ್ರ ಪುಣ್ಯ. ಮನಿ ಪೋರ್ಚ್‌ನ್ಯಾಗ ಮ್ಯಾಲೆ ಸ್ಲ್ಯಾಬ್, ಅದಕ್ಕ ತೂಗು ಹಾಕಿದ ಟ್ಯೂಬ್‌ಲೈಟು, ಶಟರ್ ಸುತ್ತೋ ಡಬ್ಬಿ, ಮಾಲಿನ ಸೆಲ್ಲಾರ್‌ನ್ಯಾಗ ಪೈಪು. ಶೋರೂಮ್‌ನ್ಯಾಗ ಆ ಗಾಡಿ ಡಿಕ್ಕಿ ಪೂರ್ತಿ ತಗಸಿ ನೆಲದಿಂದ ತುದಿ ತನಕ ಅಳೀರಿ, ಬಾಗಲಾ ಎಷ್ಟು ಹಿಂದ ಬರ್ತೈತಿ ಅದನ್ನೂ ಅಳೀರಿ, ಮನ್ಯಾಗ ಬಂದು ಹೊಂದಿಸಿ ನೋಡ್ರಿ.

ಇಲ್ಲೇ ಪವರ್ ಡಿಕ್ಕಿದು ಒಂದು ದೊಡ್ಡ ಲಾಭ ಐತಿ, ಯಾರೂ ಅದನ್ನ ಹೇಳಂಗಿಲ್ಲ. ಎತ್ತರ ಸೆಟ್ ಮಾಡಾಕ ಬರ್ತೈತಿ. ಭಾಳ ಗಾಡ್ಯಾಗ ಬಾಗಲಾನ ನಿಮಗ ಬೇಕಾದ ಮಟ್ಟಕ್ಕ ನಿಲ್ಲಿಸಿ, ಅದರ ಅಂಚಿನ್ಯಾಗ ಇರೋ ಬಟನ್ ಒಂದಿಷ್ಟು ಸೆಕೆಂಡ್ ಒತ್ತಿ ಹಿಡದ್ರ ಬೀಪ್ ಅಂತೈತಿ, ಮುಂದ ಪ್ರತಿ ಸಲ ಅಷ್ಟ ಏಳ್ತೈತಿ. ಕೆಲವದ್ರಾಗ ಮುಂದಿನ ಸ್ಕ್ರೀನ್‌ನ್ಯಾಗ ಸೆಟ್ ಮಾಡೋದಿರ್ತೈತಿ. ನಾ ಮೊದ್ಲ ಅವ್ವನ ಕೈಗೆ ಆರಾಮ ಸಿಗಲಿ ಅಂತ ಐದೂವರಿ ಅಡಿಗೆ ಸೆಟ್ ಮಾಡಿದ್ದೆ, ಮರದಿನಾನ ನನ್ನ ಹಣಿಗೆ ಬುಗುಟಿ ಬಂತು. ಈಗ ಸರಿಯಾಗಿ ಆರು ಅಡಿಗೆ ನಿಲ್ತೈತಿ, ಅವ್ವಗೂ ಬಟನ್ ಎಟಕತೈತಿ, ನನ್ನ ತಲೀನೂ ಪಾರಾಗ್ತೈತಿ.

ರೊಕ್ಕದ ಲೆಕ್ಕ ಪೂರ್ತಿ ಮಾಡ್ರಿ, ಅರ್ಧ ಮಾಡಬ್ಯಾಡ್ರಿ

ಪವರ್ ಡಿಕ್ಕಿನ ಬಿಡಿಯಾಗಿ ಮಾರೋದು ಭಾಳ ಕಡಿಮಿ, ಮ್ಯಾಲಿನ ವೇರಿಯಂಟ್ ಗಂಟಿನ್ಯಾಗ ಕಟ್ಟಿ ಕೊಡ್ತಾರ. ಎಂಜಿ ಹೆಕ್ಟರ್ 2019ರಾಗ ಬಂದಾಗ ಟಾಪ್ ಮಾಡೆಲ್‌ನ್ಯಾಗ ಇತ್ತು. ಟಾಟಾ ಹ್ಯಾರಿಯರ್, ಸಫಾರಿಗೆ 2023ರ ಹೊಸ ರೂಪದಾಗ ಬಂತು, ಕಾಲು ಬೀಸೋದೂ ಜೋಡಿ. 2024ರಾಗ ಟಾಟಾ ಕರ್ವ್‌ಗೆ ಕೊಟ್ರು, 2025ರಾಗ ಮಾರುತಿ ವಿಕ್ಟೋರಿಸ್‌ಗೂ ಬಂತು. ಇನ್ನೋವಾ ಹೈಕ್ರಾಸ್, ಫಾರ್ಚೂನರ್‌ನ್ಯಾಗೂ ಐತಿ. ಯಾವ ವೇರಿಯಂಟಿಗೆ ಕೊಡ್ತಾರ ಅನ್ನೋದು ವರ್ಷಾ ವರ್ಷಾ ಬದಲಿ ಆಗ್ತಿರ್ತೈತಿ, ಅದಕ್ಕ ಬ್ರೋಷರ್ ಕೈಯಾಗ ತಗೊಂಡು ನೋಡ್ರಿ, ಸೇಲ್ಸ್ ಹುಡುಗನ ಬಾಯಿಮಾತು ನಂಬಬ್ಯಾಡ್ರಿ.

ಈಗ ಮಾಮಾನ ಲೆಕ್ಕ ತಗೊಳ್ರಿ. ಕೆಳಗಿನ ವೇರಿಯಂಟ್ ಎಕ್ಸ್ ಶೋರೂಮ್ 19.5 ಲಕ್ಷ, ಮ್ಯಾಲಿನದು 21 ಲಕ್ಷ. ಅವರು ಒಂದೂವರಿ ಲಕ್ಷ ಜಾಸ್ತಿ ಅಂತ ತಿಳಕೊಂಡಿದ್ರು. ಆದ್ರ ನಮ್ಮ ರಾಜ್ಯದಾಗ ಪೆಟ್ರೋಲ್ ಡೀಸೆಲ್ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ 10 ಲಕ್ಷದಿಂದ 20 ಲಕ್ಷದ ತನಕ 17 ಪರ್ಸೆಂಟ್, 20 ಲಕ್ಷ ದಾಟಿದ್ರ 18 ಪರ್ಸೆಂಟ್, ಅದೂ ದಾಟಿದ್ದಕ್ಕಷ್ಟ ಅಲ್ಲ, ಪೂರ್ತಿ ಬೆಲಿಗೆ. ಅಂದ್ರ ಕೆಳಗಿನದಕ್ಕ 3,31,500, ಮ್ಯಾಲಿನದಕ್ಕ 3,78,000. ಟ್ಯಾಕ್ಸ್ ಒಂದರಾಗನ 46,500 ಫರಕ್ ಆತು. ಒಂದೂವರಿ ಲಕ್ಷ ಹೋಗಿ 1,96,500 ಆತು, ಸೆಸ್ಸು, ಇನ್ಶೂರೆನ್ಸು, ಲೋನಿನ ಬಡ್ಡಿ ಬ್ಯಾರೆ. ಎಲ್ಲಾ ಕೂಡಿ ಎರಡು ಲಕ್ಷದ ಮ್ಯಾಲೆ. ಫೋನ್‌ನ್ಯಾಗ ಮಾಮಾ ಸ್ವಲ್ಪ ಹೊತ್ತು ಮಾತ ಆಡಲಿಲ್ಲ.

ಆ ಎರಡು ಲಕ್ಷದಾಗ ಡಿಕ್ಕಿ ಒಂದ ಬರಂಗಿಲ್ಲ, ಬ್ಯಾರೆ ಏನೇನೋ ಬರ್ತೈತಿ. ಪಟ್ಟಿ ಮಾಡ್ರಿ, ಅದ್ರಾಗ ನಿಮಗ ಖರೇನ ಬೇಕಾಗಿದ್ದು ಯಾವುದು, ಬರೇ ಶೋಕಿ ಯಾವುದು ಅಂತ ಗುರುತು ಹಾಕ್ರಿ. ತಂಪು ಗಾಳಿ ಬರೋ ಸೀಟು, 360 ಡಿಗ್ರಿ ಕ್ಯಾಮೆರಾ ಇಂಥಾವು ನಿಮಗ ಹೆಂಗಿದ್ರೂ ಬೇಕಾಗಿದ್ರ, ಡಿಕ್ಕಿ ಜೋಡಿ ಬಂತು ಅಂತ ತಗೊಳ್ರಿ, ಪಶ್ಚಾತ್ತಾಪ ಆಗಂಗಿಲ್ಲ. ಡಿಕ್ಕಿ ಒಂದಕ್ಕ ವೇರಿಯಂಟ್ ಹಾರೋದಾದ್ರ, ಮನ್ಯಾಗ ಭುಜ ಎತ್ತಾಕ ಬರದೋರು ದಿನಾ ಗಾಡಿ ಬಳಸ್ತಿದ್ರಷ್ಟ ಹಾರ್ರಿ. ಇದು ನನ್ನ ಲೆಕ್ಕ. ಮಾಮಾಗ ಇದ ಮಾತು ಹೇಳೀನಿ.

ಪಾರ್ಟ್ಸ್ ಕೌಂಟರಿಗೂ ಹೋಗಿ ಬರ್ರಿ. ಸಾದಾ ಗ್ಯಾಸ್ ಸ್ಟ್ರಟ್ ಬೆಲಿ ಎಷ್ಟು, ಮೋಟಾರ್ ಸ್ಟ್ರಟ್ ಬೆಲಿ ಎಷ್ಟು, ಕಂಟ್ರೋಲ್ ಡಬ್ಬಿ ಎಷ್ಟು ಅಂತ ಕೇಳಿ ಬರಕೊಂಡು ಬರ್ರಿ, ಫರಕ್ ನೋಡಿದ್ರ ಕಣ್ಣು ದೊಡ್ಡವಾಗ್ತಾವ. ಆಮ್ಯಾಲೆ ಎಕ್ಸ್‌ಟೆಂಡೆಡ್ ವಾರಂಟಿಯೊಳಗ ಇವು ಬರ್ತಾವೋ ಇಲ್ಲೋ ಅಂತ ಲಿಖಿತದಾಗ ಕೇಳ್ರಿ. ಗಾಡಿ ಹತ್ತು ವರ್ಷ ಇಟ್ಕೊಳ್ಳೋರು ನಾವು, ಮೂರು ವರ್ಷಕ್ಕ ಮಾರೋರಲ್ಲ.

ಶೋರೂಮ್‌ಗೆ ಅವ್ವನ್ನ ಕರಕೊಂಡು ಹೋಗ್ರಿ

ನೀವೊಬ್ರ ಹೋಗಬ್ಯಾಡ್ರಿ. ಚೀಟ್ಯಾಗ ಯಾರ ಹೆಸರು ಜಾಸ್ತಿ ಬಂತೋ ಅವರನ್ನ ಕರಕೊಂಡು ಹೋಗ್ರಿ, ಜೋಡಿಗೆ ಖಾಲಿ ಚೀಲ ಎರಡು ಒಯ್ರಿ. ಮೊದ್ಲ ಸಾದಾ ಡಿಕ್ಕಿ ಇರೋ ವೇರಿಯಂಟ್ ಮುಚ್ಚಿಸಿ ನೋಡ್ರಿ, ಯಾಕಂದ್ರ ಕೆಲವು ಗಾಡ್ಯಾಗ ಸಾದಾದ್ದ ಹಗುರ ಇರ್ತೈತಿ, ಅವರು ಆರಾಮ ಮುಚ್ಚಿದ್ರ ಕಥಿ ಅಲ್ಲೇ ಮುಗೀತು, ಮನಿಗೆ ಬರ್ರಿ.

ಆಮ್ಯಾಲೆ ಪವರ್‌ದು. ಕೀಲೆ, ಸ್ಟೇರಿಂಗ್ ಹತ್ರದ ಬಟನ್‌ಲೆ, ಹೊರಗಿನ ಹಿಡಿಕೀಲೆ, ಬಾಗಲದ ಅಂಚಿನ ಬಟನ್‌ಲೆ, ಎಲ್ಲಾದ್ರಿಂದನೂ ತಗದು ಮುಚ್ಚಿಸ್ರಿ. ಎಷ್ಟು ಸೆಕೆಂಡ್ ತಗೋತೈತಿ ಮೊಬೈಲ್‌ನ್ಯಾಗ ನೋಡ್ರಿ, ಮಳ್ಯಾಗ ನಿಂತಾಗ ಐದು ಸೆಕೆಂಡಿಗೂ ಹತ್ತು ಸೆಕೆಂಡಿಗೂ ಭಾಳ ಫರಕ್ ಐತಿ, ಧಾರವಾಡದ ಜುಲೈ ಜಿಟಿಜಿಟಿ ಮಳ್ಯಾಗ ಒಂದು ಕೈಯಾಗ ಛತ್ರಿ ಹಿಡದು ನಿಂತೋರಿಗೆ ಗೊತ್ತದು. ನಡಕ ಬಟನ್ ಒತ್ತಿದ್ರ ನಿಲ್ತೈತೋ ಇಲ್ಲೋ ನೋಡ್ರಿ. ಇಳಿಜಾರಿನ್ಯಾಗ ಮುಖ ಕೆಳಗ ಮಾಡಿ ನಿಲ್ಲಿಸಿದಾಗ ಹೆಂಗ ಏಳ್ತೈತಿ ನೋಡಾಕ ಟೆಸ್ಟ್ ಡ್ರೈವ್‌ನ್ಯಾಗ ಒಂದು ಏರು ಹುಡುಕ್ರಿ, ಧಾರವಾಡದಾಗ ಏರಿಗೇನು ಬರಾ ಇಲ್ಲ.

ಅಡ್ಡ ಬಂದ್ರ ನಿಲ್ತೈತಿ ಅನ್ನೋದನ್ನ ಕೈ ಕೊಟ್ಟು ನೋಡಬ್ಯಾಡ್ರಿ. ಸುರಳಿ ಸುತ್ತಿದ ಪೇಪರ್ ಕಟ್ಟು ಇಲ್ಲಾ ದಪ್ಪ ಸ್ಪಂಜ್ ಹಿಡೀರಿ. ನಡಕ ಹಿಡದಾಗ ನಿಲ್ಲೋದು ಸಾಮಾನ್ಯ, ಬಾಜೂಕ ಹಿಡದಾಗೂ ನಿಲ್ತೈತೇನು ನೋಡ್ರಿ. ಕಡೀ ಒಂದು ಬೆರಳಿನಷ್ಟು ಅಂತರದಾಗ ಲಾಕ್ ಎಳಕೊಳ್ಳೋ ಮೋಟಾರ್ ಜೋರು ಭಾಳ ಇರ್ತೈತಿ, ಅಲ್ಲಿ ಸೆನ್ಸಾರ್ ಮ್ಯಾಲೆ ಪೂರ್ತಿ ಭರವಸಾ ಇಡಾಕ ಬರಂಗಿಲ್ಲ. ಸಣ್ಣ ಹುಡುಗೂರು ಇರೋ ಮನ್ಯಾಗ ಇದನ್ನ ಮೊದಲನೇ ದಿನಾನ ಹೇಳಿ ಕೊಡ್ರಿ, ಬೀಪ್ ಬೀಪ್ ಅಂದ್ರ ದೂರ ನಿಲ್ಲಬೇಕು ಅಂತ.

ಏಳು ಸೀಟಿನ ಗಾಡಿ ಇದ್ರ ಮೂರನೇ ಸಾಲಿನ ಸೀಟು ಎಬ್ಬಿಸಿ ಡಿಕ್ಕಿ ನೋಡ್ರಿ. ಉಳಿಯೋ ಜಾಗಾ ಎರಡು ಚೀಲಕ್ಕ ಸಾಕಾಗ್ತೈತಿ ಅಷ್ಟ. ಬಾಗಲಾ ಕಾಲಿಂದ ತಗಿಯೋದು, ಧ್ವನಿಯಿಂದ ತಗಿಯೋದು ಎಲ್ಲಾ ಇರ್ಲಿ, ತಗದ ಮ್ಯಾಲೆ ಒಳಗ ಜಾಗಾನ ಇಲ್ಲಾಂದ್ರ? ಬ್ಯಾಡಗಿಯಿಂದ ಒಂದು ಚೀಲ ಮೆಣಸಿನಕಾಯಿ ತಂದೆ ಅಂತ ತಿಳ್ಕೊಳ್ರಿ, ಅದು ಹಿಂದಿನ ಸೀಟಿನೋರ ಕಾಲಾಗ ಬಂದ್ರ ಊರು ಮುಟ್ಟೋ ತನಕ ಎಲ್ಲಾರೂ ಸೀನೋದ ಸೀನೋದು.

ಕಾಲು ಬೀಸೋ ಆಟದ ಬಗ್ಗೆ

ಇದರ ಬಗ್ಗೆ ಉದ್ದಕ್ಕ ಬರೀಬೇಕು, ಯಾಕಂದ್ರ ಎಲ್ಲಾರೂ ಬೀಳೋದು ಇಲ್ಲೇ. 2013ರ ಮಾಡೆಲ್ ಫೋರ್ಡ್ ಎಸ್ಕೇಪ್‌ನ್ಯಾಗ ಈ ಕಾಲು ಬೀಸೋ ಡಿಕ್ಕಿ ಬಂದು ಅಮೆರಿಕಾದಾಗ ಭಾಳ ಹೆಸರಾತು, ಆಮ್ಯಾಲೆ ಎಲ್ಲಾ ಕಂಪನಿಯೋರೂ ಹಿಂದ ಬಿದ್ರು. ಹಿಂದಿನ ಬಂಪರ್ ಒಳಗ ಸಾಮಾನ್ಯವಾಗಿ ಎರಡು ವೈರ್ ಥರದ ಸೆನ್ಸಾರ್ ಇರ್ತಾವ, ಒಂದು ಮ್ಯಾಲೆ, ಒಂದು ಕೆಳಗ. ನಿಮ್ಮ ಮೊಳಕಾಲ ಕೆಳಗಿನ ಎಲುಬು ಮ್ಯಾಲಿನದಕ್ಕ ಹತ್ರ, ಪಾದ ಕೆಳಗಿನದಕ್ಕ ಹತ್ರ ಬಂದು ಹೊಳ್ಳಿ ಹೋದಾಗ, ಅದೂ ಕೀ ನಿಮ್ಮ ಹತ್ರ ಇದ್ದಾಗ, ಅದು ಒದಿ ಅಂತ ತಿಳಕೋತೈತಿ. ಅದಕ್ಕ ಕಾಲನ್ನ ಬಾಜೂಕ ಕಸಬರಗಿ ಹೊಡದಂಗ ಬೀಸಿದ್ರ ಏನೂ ಆಗಂಗಿಲ್ಲ, ನೆಟ್ಟಗ ಒಳಗ ಹಾಕಿ ಲಗೂನ ಹೊರಗ ತಗೀಬೇಕು. ಕಾಲು ಒಳಗ ಇಟ್ಕೊಂಡು ನಿಂತ್ರೂ ತಗಿಯಂಗಿಲ್ಲ.

ನನ್ನ ಭಾವಮೈದುನ ಒಂದು ಮದುವಿ ಮುಂದ ಆಹೇರಿ ಬುಟ್ಟಿ ಎರಡೂ ಕೈಯಾಗ ಹಿಡ್ಕೊಂಡು ಫುಟ್‌ಬಾಲ್ ಒದ್ದಂಗ ನಾಲ್ಕು ಸಲ ಒದ್ದ, ಬೀಗರು ಎಲ್ಲಾ ನಿಂತು ನೋಡಾಕತ್ತಿದ್ರು, ಡಿಕ್ಕಿ ಅಲ್ಲಾಡ್ಲಿಲ್ಲ, ಕೀ ನನ್ನ ಕಿಸೆದಾಗ ಇತ್ತು, ನಾ ಒಳಗ ಉಪ್ಪಿಟ್ಟು ತಿನ್ನಾಕತ್ತಿದ್ದೆ.

ನಮ್ಮ ಕಡೆ ಎರಿ ಮಣ್ಣು ಇದಕ್ಕ ದೊಡ್ಡ ವೈರಿ. ಅಣ್ಣಿಗೇರಿ, ನವಲಗುಂದ ಕಡೆ ಮಳಿಗಾಲದಾಗ ಹೊಲಕ್ಕ ಒಮ್ಮೆ ಹೋಗಿ ಬಂದ್ರ ಬಂಪರ್ ಕೆಳಗ ಒಂದು ಗೇಣು ಮಣ್ಣು ಮೆತ್ತಿರ್ತೈತಿ, ಸೆನ್ಸಾರಿಗೆ ಕಾಲೂ ತಿಳಿಯಂಗಿಲ್ಲ ಏನೂ ತಿಳಿಯಂಗಿಲ್ಲ. ಅದರ ಮ್ಯಾಲೆ ಒಂದು ಕಾಲಿನ್ಯಾಗ ನಿಂತು ಇನ್ನೊಂದು ಕಾಲು ಬೀಸೋದು ಅರವತ್ತೈದು ವರ್ಷದ ಅವ್ವಗ ಹೇಳೋ ಮಾತಲ್ಲ, ಬಿದ್ರ ಸೊಂಟ ಹೋಗ್ತೈತಿ. ಹ್ಯುಂಡೈ ಟ್ಯೂಸಾನ್‌ನಂಥಾ ಗಾಡ್ಯಾಗ ಕೀ ಇಟ್ಕೊಂಡು ಹಿಂದ ಮೂರು ಸೆಕೆಂಡ್ ಸುಮ್ನ ನಿಂತ್ರ ತಾನ ತಗೀತೈತಿ, ನಮ್ಮ ಕಡೆಗೆ ಅದು ಛಲೋ. ಹಿಂದ ಸ್ಟೀಲ್ ಗಾರ್ಡ್ ಹಾಕಿಸೋರಿಗೂ ಒಂದು ಮಾತು, ಸೆನ್ಸಾರ್ ಮುಂದ ಕಬ್ಬಿಣ ಬಂದ್ರ ಅದು ದಿಕ್ಕು ತಪ್ಪತೈತಿ, ಕ್ರ್ಯಾಶ್ ಗಾರ್ಡ್ ಹಾಕ್ಸೋದು ಕಾಯ್ದೆ ವಿರುದ್ಧ ಅಂತ ಕೇಂದ್ರದೋರು 2017ರಾಗನ ಹೇಳಿ ಆಗೇತಿ.

ನನಗ ಆಗಿದ್ದು ಬ್ಯಾರೇನ. ವಾಷಿಂಗ್ ಸೆಂಟರಿನ್ಯಾಗ ಗಾಡಿ ತೊಳ್ಯಾಕ ಬಿಟ್ಟು, ಹುಡುಗ ಹೆಂಗ ತೊಳೀತಾನ ನೋಡೋಣ ಅಂತ ಕೀ ಕಿಸೆದಾಗ ಇಟ್ಕೊಂಡು ಗಾಡಿ ಹಿಂದನ ನಿಂತಿದ್ದೆ. ಪ್ರೆಶರ್ ಪೈಪಿನ ನೀರು ಬಂಪರ್ ಕೆಳಗ ಹೊಡದು ಸರದಿದ್ದಕ್ಕ ಸೆನ್ಸಾರಿಗೆ ಒದ್ದಂಗ ಅನಸ್ತು, ಡಿಕ್ಕಿ ಗಂಭೀರವಾಗಿ ಬೀಪ್ ಬೀಪ್ ಅನಕೋತ ಮ್ಯಾಲೆ ಎದ್ದು ನಿಂತು, ಹುಡುಗ ಗಾಬರಿಯಾಗಿ ಪೈಪ್ ಆ ಕಡೆನ ಹಿಡದ. ಒಳಗ ಇಸ್ತ್ರಿ ಮಾಡಿಸಿ ಇಟ್ಟ ಅರಿವಿ ಗಂಟು ಇತ್ತು. ಆವತ್ತಿಂದ ಕಾಲಿನ ಸೆನ್ಸಾರ್ ಸೆಟ್ಟಿಂಗ್‌ನ್ಯಾಗ ಬಂದ್ ಮಾಡೀನಿ, ಒಂದ ದಿನಾನೂ ಅದು ಬೇಕು ಅನಿಸಿಲ್ಲ. ಭಾಳ ಗಾಡ್ಯಾಗ ಬಂದ್ ಮಾಡಾಕ ಬರ್ತೈತಿ, ನೀವೂ ತೊಳ್ಯಾಕ ಬಿಡೋ ಮುಂದ ಒಂದೋ ಬಂದ್ ಮಾಡ್ರಿ ಇಲ್ಲಾ ಕೀ ತಗೊಂಡು ದೂರ ಹೋಗಿ ಚಹಾ ಕುಡೀರಿ.

ಹೊರಗಿನ ಕಿಟ್ ಹಾಕಿಸಬೇಕೇನು?

ಅಕ್ಸೆಸರಿ ಅಂಗಡ್ಯಾಗ ಕೆಳಗಿನ ವೇರಿಯಂಟಿಗೆ ಪವರ್ ಡಿಕ್ಕಿ ಕಿಟ್ ಹಾಕಿ ಕೊಡ್ತೀವಿ ಅಂತಾರ, ವೇರಿಯಂಟ್ ಫರಕ್ಕಿಗಿಂತ ಭಾಳ ಸೋವಿ. ಹೊಸ ಗಾಡಿಗೆ ನಾ ಹಾಕಿಸಂಗಿಲ್ಲ. ಹಳೇ ಸ್ಟ್ರಟ್ ತಗದು ಮೋಟಾರಿಂದು ಹಾಕ್ತಾರ, ಕರೆಂಟ್ ಸಲುವಾಗಿ ವೈರ್ ಎಳೀತಾರ, ಲಾಕ್ ಬದಲಿ ಮಾಡ್ತಾರ, ಒಳಗಿನ ಪ್ಲಾಸ್ಟಿಕ್ ಬಿಚ್ಚತಾರ. ವೈರ್ ಕತ್ತರಿಸಿ ಜೋಡಿಸಿದ್ರು ಅಂದ್ರ ನಾಳೆ ಏನರ ಎಲೆಕ್ಟ್ರಿಕಲ್ ತ್ರಾಸ ಬಂದಾಗ ಸರ್ವಿಸ್ ಸೆಂಟರಿನೋರು ವಾರಂಟಿ ಇಲ್ಲ ಅಂತ ಕೈ ಎತ್ತಾಕ ಒಂದು ನೆವಾ ಸಿಕ್ಕಂಗ. ಅಡ್ಡ ಬಂದ್ರ ನಿಲ್ಲೋ ಸೆನ್ಸಾರ್ ಹೆಂಗೈತಿ ಅನ್ನೋದು ಕಿಟ್ಟಿಂದ ಕಿಟ್ಟಿಗೆ ಫರಕ್. ವಾರಂಟಿ ಮುಗದ ಗಾಡಿ, ಮನ್ಯಾಗ ಭುಜದ ತ್ರಾಸ ಇರೋರು ಅದಾರ ಅಂದ್ರ ವಿಚಾರ ಮಾಡಬಹುದು, ಅದೂ ಕಂಪನಿ ಸಾಕೆಟ್ಟಿಗೆ ನೆಟ್ಟಗ ಕೂಡೋ ಕಿಟ್ ಇದ್ರ, ಅದ ಅಂಗಡಿಯೋರು ಹಾಕಿದ ಹಳೇ ಗಾಡಿ ಒಂದನ್ನ ಕಣ್ಣಾರೆ ನೋಡಿ, ಸ್ಪಂಜ್ ಇಟ್ಟು ಪರೀಕ್ಷಾ ಮಾಡಿ.

ತಗೊಂಡ ಮ್ಯಾಲೆ ಬಾಳಿಸೋದು

ಬಾಗಲಾ ನಡೀತಿರೋ ಮುಂದ ಅವಸರಕ್ಕ ಕೈಲೆ ಜಗ್ಗಬ್ಯಾಡ್ರಿ, ನಿಮ್ಮ ಬಾಜೂಮನಿ ಕಾಕಾರಿಗೂ ಹೇಳ್ರಿ, ಯಾಕಂದ್ರ ಸಹಾಯ ಮಾಡಾಕ ಬಂದೋರ ಅದನ್ನ ಧಡಲ್ ಅಂತ ಬಡಿಯೋದು. ಮೋಟಾರ್‌ಗೂ ಗೇರಿಗೂ ಅದು ಛಲೋ ಅಲ್ಲ. ಹುಡುಗೂರು ಆಟಕ್ಕ ಹತ್ತು ಸಲ ತಗದು ಮುಚ್ಚಿದ್ರ ಮೋಟಾರ್ ಬಿಸಿ ಆಗಿ ಕಂಟ್ರೋಲ್ ಡಬ್ಬಿ ಸ್ವಲ್ಪ ಹೊತ್ತು ಕೆಲಸ ನಿಲ್ಲಸ್ತೈತಿ, ಕೆಟ್ಟು ಹೋತು ಅಂತ ಗಾಬರಿ ಆಗಬ್ಯಾಡ್ರಿ, ಬಿಡ್ರಿ, ಆರತೈತಿ. ಎಂಜಿನ್ ಬಂದ್ ಇದ್ದಾಗ ಇದೆಲ್ಲಾ ಬ್ಯಾಟರಿ ಮ್ಯಾಲೆ ಬೀಳ್ತೈತಿ ಅನ್ನೋದೂ ನೆನಪಿರ್ಲಿ. ಅಂಚಿನ ರಬ್ಬರಿಗೆ ಮೆತ್ತಿದ ಧೂಳು ವಾರಕ್ಕೊಮ್ಮೆ ಹಸಿ ಅರಿವಿಲೆ ಒರಸ್ರಿ, ಹುಬ್ಬಳ್ಳಿ ಧೂಳಿಗೆ ಹೆಸರ ಬ್ಯಾರೆ ಹೇಳಬೇಕೇನು.

ಬ್ಯಾಟರಿ ಬದಲಿ ಮಾಡಿದ ಮ್ಯಾಲೆ ಡಿಕ್ಕಿ ಬಟನ್ನಿಗೆ ಮಾತು ಕೇಳಲಿಲ್ಲಾಂದ್ರ ಸರ್ವಿಸ್ ಸೆಂಟರಿಗೆ ಓಡೋಕಿಂತ ಮೊದ್ಲ ಕೈಲೆ ನಿಧಾನ ಪೂರ್ತಿ ಮುಚ್ಚಿ, ಆಮ್ಯಾಲೆ ಬಟನ್‌ಲೆ ಒಮ್ಮೆ ತಗದು ಒಮ್ಮೆ ಮುಚ್ಚಿ ನೋಡ್ರಿ. ಡಬ್ಬಿಗೆ ತನ್ನ ಎಣಿಕಿ ಮರತಿರ್ತೈತಿ, ಭಾಳ ಸಲ ಹೊಳ್ಳಿ ಕಲಕೋತೈತಿ. ನಿಮ್ಮ ಗಾಡಿದ್ದು ಬ್ಯಾರೆ ಥರ ಇದ್ರ ಪುಸ್ತಕದಾಗ ಬರದಿರ್ತಾರ.

ಮತ್ತ ಬ್ಯಾಟರಿ ಪೂರ್ತಿ ಸತ್ತಾಗ? ಜ್ಯಾಕು, ಪಾನಾ ಡಿಕ್ಕಿ ಒಳಗ, ಡಿಕ್ಕಿ ಬಂದ್. ಭಾಳ ಗಾಡ್ಯಾಗ ಡಿಕ್ಕಿ ಬಾಗಲದ ಒಳಮೈಯಾಗ ಲಾಕ್ ಹತ್ರ ಒಂದು ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇರ್ತೈತಿ, ಹಿಂದಿನ ಸೀಟು ಮಡಚಿ ಒಳಗ ತೆವಳಿ ಹೋಗಿ, ಮುಚ್ಚಳ ತಗದು ಸ್ಕ್ರೂಡ್ರೈವರ್‌ಲೆ ಒಳಗಿನ ಲಿವರ್ ಸರಸಿದ್ರ ಬಾಗಲಾ ಬಿಡತೈತಿ. ಡೆಲಿವರಿ ದಿನ ಪೂಜಾ ಆಗಿ ನಿಂಬಿಹಣ್ಣು ಮ್ಯಾಲೆ ಗಾಡಿ ದಾಟಿಸೋಕಿಂತ ಮೊದ್ಲ ಆ ಹುಡುಗನ ಕಡಿಂದ ಇದನ್ನ ಒಮ್ಮೆ ಮಾಡಿಸಿ ವಿಡಿಯೋ ತಗೊಳ್ರಿ, ಆ ಸ್ಕ್ರೂಡ್ರೈವರ್ ಡಿಕ್ಕಿಯೊಳಗ ಇಡಬ್ಯಾಡ್ರಿ, ಮುಂದಿನ ಡ್ಯಾಶ್‌ಬೋರ್ಡ್‌ನ್ಯಾಗ ಇಡ್ರಿ. ನಾ ಮೊದ್ಲ ಡಿಕ್ಕಿಯೊಳಗ ಇಟ್ಟಿದ್ದೆ.

ಮಾಮಾ ಇನ್ನೂ ಬುಕ್ ಮಾಡಿಲ್ಲ. ನಿನ್ನಿ ಅಕ್ಕ ಚೀಟಿ ಫೋಟೋ ಕಳಿಸಿದ್ಲು, ನಾಲ್ಕು ದಿನಕ್ಕ ಹನ್ನೊಂದು ಗೀಟು ಬಿದ್ದಾವ, ಅದ್ರಾಗ ಒಂಬತ್ತು ಆಕೀದ.